ನವಿಲಿಗೆ ಕಾಳು ಎರಚುವ ಮುನ್ನ

ಶೆಟ್ಟಿಕೆರೆ ಸುತ್ತಿನ ತೆಂಗಿನ ತೋಟಗಳಲ್ಲಿ ನವಿಲು ಈಗ ಅಪರೂಪದ ಅತಿಥಿಯಲ್ಲ. ಹಿತ್ತಲಿಗೇ ಬಂದು ನಿಂತರೆ ಒಂದು ಹಿಡಿ ರಾಗಿ ಎರಚೋಣ ಅನ್ನಿಸುತ್ತದೆ. ಕೈ ತಡೆಯಿರಿ.

ಅದಕ್ಕೆ ಊಟದ ಕೊರತೆಯಿಲ್ಲ. ಗೆದ್ದಲು, ಹುಳು, ಓತಿ, ಹುಲ್ಲಿನ ಬೀಜ ಎಲ್ಲವೂ ತೋಟದಲ್ಲೇ ಸಿಗುತ್ತವೆ. ದಿನಾ ಕಾಳು ಬಿದ್ದರೆ ಗುಂಪು ಅಲ್ಲೇ ಠಿಕಾಣಿ ಹೂಡಿ, ಪಕ್ಕದವರ ಹೆಸರು, ಅಲಸಂದೆ ಹೊಲಕ್ಕೂ ಇಳಿಯುತ್ತದೆ. ಪ್ರೀತಿ ನಿಮ್ಮದು, ನಷ್ಟ ಅವರದು. ಜನರ ಭಯ ಬಿಟ್ಟ ಹಕ್ಕಿ ನಾಯಿಗಳಿಗೂ ಸುಲಭದ ತುತ್ತು. ನಾಟಿ ಕೋಳಿಗಳ ಜೊತೆ ಒಂದೇ ಕಡೆ ಮೇಯ್ದರೆ ಕೊಕ್ಕರೆ ರೋಗ ಹರಡಲು ದಾರಿ. ಔಷಧಿ ಸವರಿದ ಬಿತ್ತನೆ ಬೀಜವನ್ನಂತೂ ಬಯಲಲ್ಲಿ ಚೆಲ್ಲಲೇಬೇಡಿ, ಅದು ವಿಷ.

ಇನ್ನು ಕಾನೂನು. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೊಲ್ಲುವುದಷ್ಟೇ ಬೇಟೆಯಲ್ಲ. ಉರುಳು ಹಾಕುವುದು, ಬಲೆ ಒಡ್ಡುವುದು, ಹಿಡಿಯಲೆಂದು ಕಾಳಿನ ಆಮಿಷ ಇಡುವುದು, ಅದಕ್ಕೆ ಪ್ರಯತ್ನಿಸುವುದು ಕೂಡ ಆ ಕಾಯ್ದೆಯಲ್ಲಿ ಬೇಟೆಯೇ. ನವಿಲಿನ ಬೇಟೆಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ಗೌಜಲ ಹಕ್ಕಿ, ಮೊಲಕ್ಕೂ ಕಾಯ್ದೆಯ ರಕ್ಷಣೆ ಇದೆ. ಹಂದಿಗೆಂದು ಬೇಲಿಯಲ್ಲಿ ಕಟ್ಟಿದ ಉರುಳಿಗೆ ಚಿರತೆಯೂ ಬೀಳುತ್ತದೆ.

ಬೇಸಿಗೆಯಲ್ಲಿ ಏನಾದರೂ ಮಾಡಲೇಬೇಕೆನಿಸಿದರೆ ಅಗಲ ತಟ್ಟೆಯಲ್ಲಿ ನೀರಿಟ್ಟು, ದಿನಾ ತೊಳೆಯಿರಿ. ಗಾಯಗೊಂಡ ಹಕ್ಕಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ನವಿಲನ್ನು ನೋಡಿ ಖುಷಿಪಡಿ, ಮೇವು ಅದೇ ಹುಡುಕಿಕೊಳ್ಳಲಿ.