ಯೋಚನೆ ತಿದ್ದಿದರೆ ಖಿನ್ನತೆ ಹೋದೀತೇ?

ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಮಂಕಾಗಿ ಮೂಲೆ ಹಿಡಿದರೆ ನಾವು ಹೇಳುವುದು ಒಂದೇ ಮಾತು: ‘ಏನೇನೋ ಯೋಚಿಸಬೇಡ.’ ಖಿನ್ನತೆಗೆ ಯೋಚನೆಯನ್ನೇ ಹಿಡಿದು ಮಾಡುವ ಚಿಕಿತ್ಸೆಯೊಂದಿದೆ. ಆದರೆ ಅದು ಈ ಉಪದೇಶಕ್ಕಿಂತ ತೀರ ಬೇರೆ.

ಅಮೆರಿಕದ ಮನೋವೈದ್ಯ ಆರನ್ ಬೆಕ್ (1921–2021) ಮೊದಲು ಹೊರಟಿದ್ದು ಫ್ರಾಯ್ಡ್ ಪಂಥದ ಮಾತೊಂದನ್ನು ಸಾಬೀತು ಮಾಡಲು. ಖಿನ್ನತೆಯೆಂದರೆ ತನ್ನ ಮೇಲೆಯೇ ತಿರುಗಿದ ಸಿಟ್ಟು ಎಂಬುದು ಆ ಮಾತು. ಹಾಗಿದ್ದರೆ ರೋಗಿಗಳ ಕನಸಿನಲ್ಲಿ ಸಿಟ್ಟು ತುಂಬಿರಬೇಕಲ್ಲವೇ? ಬೆಕ್ ಕನಸುಗಳನ್ನು ಕಲೆಹಾಕಿ ನೋಡಿದರು. ಅಲ್ಲಿ ಕಂಡದ್ದು ಸೋಲು, ನಷ್ಟ, ತಿರಸ್ಕಾರ. ಎಚ್ಚರದಲ್ಲಿಯೂ ರೋಗಿಗಳು ತಾವು ಕೆಲಸಕ್ಕೆ ಬಾರದವರೆಂದೇ ನಂಬಿದ್ದರು. ಆ ನಂಬಿಕೆ ನಿಜವೇ ಎಂದು ರೋಗಿಯೊಡನೆ ಕುಳಿತು, ದಿನನಿತ್ಯದ ಸಂಗತಿಗಳನ್ನಿಟ್ಟು ಪರೀಕ್ಷಿಸುವುದೇ ಅವರ ಚಿಕಿತ್ಸೆ. ಬುದ್ಧಿ ಹೇಳುವುದಲ್ಲ, ಗದರುವುದಂತೂ ಅಲ್ಲ.

ಫಲವೇನು? 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಾಕಷ್ಟು ತೀವ್ರ ಖಿನ್ನತೆಯಿದ್ದ 240 ಮಂದಿಯಿದ್ದರು. 16 ವಾರಗಳ ಬಳಿಕ ಮಾತ್ರೆ ತೆಗೆದುಕೊಂಡವರಲ್ಲೂ ಬೆಕ್ ಚಿಕಿತ್ಸೆ ಪಡೆದವರಲ್ಲೂ ನೂರಕ್ಕೆ 58 ಮಂದಿ ಸುಧಾರಿಸಿದ್ದರು. ವ್ಯತ್ಯಾಸ ಕಂಡದ್ದು ಆಮೇಲೆ. ಹೀಗೆ ಸುಧಾರಿಸಿ ಮಾತ್ರೆ ನಿಲ್ಲಿಸಿದವರಲ್ಲಿ ವರ್ಷದೊಳಗೆ ನೂರಕ್ಕೆ 76 ಮಂದಿಗೆ ಕಾಯಿಲೆ ಮರುಕಳಿಸಿತು. ಬೆಕ್ ಚಿಕಿತ್ಸೆ ಮುಗಿಸಿದವರಲ್ಲಿ 31 ಮಂದಿಗೆ. (ಇದನ್ನೋದಿ ಯಾರೂ ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ.)

ಚಿಕಿತ್ಸೆ ಫಲಿಸಿತು, ಸರಿ. ಆದರೆ ಬೆಕ್ ಹೇಳಿದ ಕಾರಣದಿಂದಲೇ ಫಲಿಸಿತೇ? ಕಷಾಯ ಕುಡಿದು ಜ್ವರ ಬಿಟ್ಟರೆ ಅದರೊಳಗಿನ ಯಾವ ಬೇರು ಕೆಲಸ ಮಾಡಿತೆಂದು ತಿಳಿಯುವುದಿಲ್ಲವಲ್ಲ! ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು 1996ರಲ್ಲಿ ಈ ಕಷಾಯವನ್ನು ಬಿಡಿಸಿ ನೋಡಿದರು. ಸುಮಾರು 150 ರೋಗಿಗಳಲ್ಲಿ ಒಂದು ಗುಂಪಿಗೆ ಪೂರ್ತಿ ಚಿಕಿತ್ಸೆ. ಇನ್ನೊಂದಕ್ಕೆ ಯೋಚನೆಯ ಗೊಡವೆಯಿಲ್ಲದೆ ಬರೀ ಚಟುವಟಿಕೆ: ಬಿಟ್ಟುಹೋದ ಕೆಲಸ, ಒಡನಾಟ, ಸಂತೋಷಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಹಿಡಿಯುವುದು. ಎರಡೂ ಗುಂಪುಗಳು ಸಮಸಮವಾಗಿ ಸುಧಾರಿಸಿದವು. ಸೋಜಿಗವೆಂದರೆ, ಚಟುವಟಿಕೆಯ ಗುಂಪಿನವರ ಕಹಿ ಯೋಚನೆಗಳೂ ಅಷ್ಟೇ ಬದಲಾಗಿದ್ದವು. ಖಿನ್ನರ ಯೋಚನೆ ಹೇಗಿರುತ್ತದೆಂದು ಬೆಕ್ ಸರಿಯಾಗಿಯೇ ಕಂಡಿದ್ದರು; ಅದನ್ನು ನೇರವಾಗಿ ತಿದ್ದಿದರೆ ಮಾತ್ರ ಗುಣ ಎಂಬುದು ನಿಲ್ಲಲಿಲ್ಲ ಎಂದೇ ನನಗನಿಸುತ್ತದೆ.

ಬಡ ಕುಟುಂಬಗಳಿಗೆ ಇದು ಸಣ್ಣ ಸಂಗತಿಯಲ್ಲ, ಏಕೆಂದರೆ ಚಟುವಟಿಕೆಯ ವಿಧಾನವನ್ನು ಕಲಿಸುವುದು ಸುಲಭ. ನಮ್ಮ ನೆರೆಯ ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 495 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಅಚ್ಚಾಯಿತು. ಆರೆಂಟು ಭೇಟಿಗಳಲ್ಲಿ ಇದನ್ನು ಪಡೆದವರ ಪೈಕಿ ಮೂರು ತಿಂಗಳಲ್ಲಿ ನೂರಕ್ಕೆ 64 ಮಂದಿ ಚೇತರಿಸಿಕೊಂಡಿದ್ದರು. ವೈದ್ಯರ ಎಂದಿನ ಆರೈಕೆಯಷ್ಟೇ ಸಿಕ್ಕವರಲ್ಲಿ 39 ಮಂದಿ. ಭೇಟಿ ನಡೆಸಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಊರಿನ ಸಾಮಾನ್ಯ ಜನ.