ಊರ ಕಲ್ಲುಗಳಿಗೆ ಪಂಚಾಯತ್‌ನಲ್ಲೊಂದು ವಹಿ

ಉಡುಪಿ ಜಿಲ್ಲೆಯ ಕುಂಭಾಶಿಯಿಂದ ಉತ್ತರಕ್ಕೆ ಹೋದರೆ ಹಳೆಯ ಬಂದರು ಬಸ್ರೂರು, ದಕ್ಷಿಣಕ್ಕೆ ಹೋದರೆ ಆಳುಪರ ರಾಜಧಾನಿ ಬಾರಕೂರು. ಈ ಎರಡೂ ಊರುಗಳ ಶಾಸನಗಳನ್ನು ವಿದ್ವಾಂಸರು ಓದಿ ಪ್ರಕಟಿಸಿದ್ದಾರೆ. ನಡುವಿನ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲು, ಮುರಕಲ್ಲಿನ ಕೆರೆಕಟ್ಟೆಗಳನ್ನು ಕೇಳುವವರು ಕಡಿಮೆ. ರಸ್ತೆ ಅಗಲವಾಗುವಾಗ, ದೇವಸ್ಥಾನದ ಜೀರ್ಣೋದ್ಧಾರ ನಡೆಯುವಾಗ ಅವು ಮಣ್ಣಿನಡಿ ಸೇರುತ್ತವೆ.

ಇವನ್ನು ಉಳಿಸುವ ಕೆಲಸಕ್ಕೆ ನಮ್ಮ ಕರಾವಳಿಯಲ್ಲಿ ಮೇಲ್ಪಂಕ್ತಿ ಇದೆ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರು ಊರೂರು ಸುತ್ತಿ, ಗುಡಿಗುಡಿ ಹೊಕ್ಕು ಬರೆದ ತುಳುವ ಇತಿಹಾಸದ ಮಹಾಗ್ರಂಥ 1975ರಲ್ಲಿ ಬಂತು. ಶಿರ್ವದ ಮೂಲ್ಕಿ ಸುಂದರ ರಾಮ ಶೆಟ್ಟಿ ಕಾಲೇಜಿನ ಪ್ರೊ. ಟಿ. ಮುರುಗೇಶಿ ವಿದ್ಯಾರ್ಥಿಗಳನ್ನು ಜೊತೆಗೆ ಕರೆದೊಯ್ದು ಜಿಲ್ಲೆಯ ಎಷ್ಟೋ ಶಾಸನ, ಶಿಲ್ಪಗಳನ್ನು ಬೆಳಕಿಗೆ ತಂದರು. ಇದಕ್ಕೆ ಇನ್ನು ಸೇರಬೇಕಾದದ್ದು ಗ್ರಾಮ ಪಂಚಾಯತ್. ವಿದ್ಯಾರ್ಥಿಗಳು ಮೂರು ವರ್ಷದಲ್ಲಿ ಕಾಲೇಜು ಬಿಡುತ್ತಾರೆ. ಪಂಚಾಯತ್ ಊರಲ್ಲೇ ಇರುತ್ತದೆ. ಚರಂಡಿ, ಸಂಕ, ಮನೆ ಕಟ್ಟುವ ಪರವಾನಗಿ ಎಲ್ಲವೂ ಅದರ ಕಣ್ಣೆದುರೇ ಹಾದುಹೋಗುತ್ತವೆ.

ಮೊದಲು ಪತ್ರ

ಊರ ಕಲ್ಲುಗಳನ್ನು ದಾಖಲಿಸಲು ಹೊರಡುವ ಕಾಲೇಜಿನ ಪ್ರಾಂಶುಪಾಲರು ಪಂಚಾಯತ್ ಅಧ್ಯಕ್ಷರಿಗೂ ಪಿಡಿಒಗೂ ಪತ್ರ ಬರೆಯಲಿ. ಯಾವ ವಾರ್ಡ್, ಎಷ್ಟು ದಿನ, ಜವಾಬ್ದಾರಿ ಯಾವ ಅಧ್ಯಾಪಕರದು ಎಂಬುದರ ಜೊತೆಗೆ ‘ಎಲ್ಲೂ ಅಗೆಯುವುದಿಲ್ಲ’ ಎಂಬ ಮಾತು ಅದರಲ್ಲಿ ಇರಲೇಬೇಕು. ವಿಷಯ ಪಂಚಾಯತ್ ಸಭೆಯಲ್ಲಿ ನಿರ್ಣಯವಾಗಿ, ಅದರ ಪ್ರತಿ ಕೈಗೆ ಬರಲಿ. ಬಾಯಿಮಾತಿನ ಒಪ್ಪಿಗೆ ಅಧ್ಯಕ್ಷರು ಬದಲಾದ ದಿನ ಮುಗಿಯಿತು. ದೇವಸ್ಥಾನಕ್ಕೆ ಮೊಕ್ತೇಸರರ, ಖಾಸಗಿ ಜಾಗಕ್ಕೆ ಮನೆಯವರ ಅನುಮತಿ ಬೇರೆ ಬೇಕು. ಎನ್‌ಎಸ್‌ಎಸ್ ಘಟಕವಿದ್ದರೆ ಏಳು ದಿನಗಳ ವಿಶೇಷ ಶಿಬಿರವನ್ನು ಇದಕ್ಕೇ ಮೀಸಲಿಡಬಹುದು.

ಹೊರಡುವ ಮುನ್ನ ಗುರುರಾಜ ಭಟ್ಟರ ಪುಸ್ತಕವನ್ನೂ ದಕ್ಷಿಣ ಭಾರತೀಯ ಶಾಸನ ಸಂಪುಟಗಳಲ್ಲಿ ಏಳನೆಯದನ್ನೂ ನೋಡಿ. ಹಿಂದೆಯೇ ಅಚ್ಚಾದ ಶಾಸನವನ್ನು ‘ಹೊಸ ಶೋಧ’ ಎಂದು ಪತ್ರಿಕೆಗೆ ಕೊಡುವುದು ಹಿಂದಿನವರ ಶ್ರಮಕ್ಕೆ ಮಾಡುವ ಅನ್ಯಾಯ. ಗ್ರಾಮನಕ್ಷೆ ಹಿಡಿದು ಜಾಗದ ಹೆಸರುಗಳನ್ನೂ ಗುರುತು ಹಾಕಿಕೊಳ್ಳಿ. ಮಾಸ್ತಿಕಟ್ಟೆ, ಬಸದಿ, ಕೋಟೆ ಎಂಬ ಹೆಸರು ಉಳಿದ ಕಡೆ ಮೊದಲು ಹೋಗಿ.

ಬಯಲಲ್ಲಿ

ಕೊಯ್ಲು ಮುಗಿದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಗದ್ದೆಯಂಚು ಒಣಗಿರುತ್ತದೆ, ಹಾಡಿಯೊಳಗೂ ನಡೆಯಬಹುದು. ಗುಡಿಯ ಹಿಂಬದಿ, ಬಾವಿಕಟ್ಟೆ, ತೋಡಿಗೆ ಅಡ್ಡ ಹಾಕಿದ ಸಂಕ, ಬಟ್ಟೆ ಒಗೆಯುವ ಕಲ್ಲು ಇವೆಲ್ಲ ನೋಡಬೇಕಾದ ಜಾಗಗಳು. ಊರ ಹಿರಿಯರನ್ನು, ಅದರಲ್ಲೂ ಗದ್ದೆ ಕೆಲಸ ಮಾಡಿದ ಹೆಂಗಸರನ್ನು ಕೇಳಿ. ಯಾವ ಕಲ್ಲು ಎಲ್ಲಿತ್ತು, ಯಾರು ಸರಿಸಿದರು ಎಂಬುದು ಅವರಿಗೆ ನೆನಪಿರುತ್ತದೆ.

ಕಲ್ಲಿನ ಪಕ್ಕ ಅಳತೆಪಟ್ಟಿ ಇಟ್ಟು ನಾಲ್ಕೂ ಬದಿಯ ಫೋಟೊ ತೆಗೆಯಿರಿ. ಎತ್ತರ, ಅಗಲ, ದಪ್ಪ, ಸಾಲುಗಳ ಸಂಖ್ಯೆ, ಸರ್ವೆ ನಂಬರ್ ಬರೆದುಕೊಳ್ಳಿ. ಅಕ್ಷರ ಸವೆದಿದ್ದರೆ ಕತ್ತಲಾದ ಮೇಲೆ ಕಲ್ಲಿನ ಒಂದು ಬದಿಯಿಂದ, ಮೈಗೆ ತಾಗುವಷ್ಟು ಓರೆಯಾಗಿ ಟಾರ್ಚ್ ಬೆಳಕು ಬಿಡಿ. ಗೀರುಗಳಲ್ಲಿ ನೆರಳು ಕೂತು ಅಕ್ಷರ ಎದ್ದು ಕಾಣುತ್ತದೆ. ಬೆಳಕಿನ ದಿಕ್ಕು ಬದಲಿಸಿ ಮತ್ತೆ ಫೋಟೊ ತೆಗೆಯಿರಿ. ಸೀಮೆಸುಣ್ಣ, ಎಣ್ಣೆ, ತಂತಿ ಬ್ರಷ್, ಆ್ಯಸಿಡ್ ಹತ್ತಿರಕ್ಕೂ ತರಬೇಡಿ. ಪಡಿಯಚ್ಚು ತೆಗೆಯುವುದು ತರಬೇತಾದವರ ಕೆಲಸ. ದೈವವೆಂದು ಪೂಜೆಗೊಳ್ಳುವ ಕಲ್ಲಾದರೆ ಚಪ್ಪಲಿ ಬಿಟ್ಟು, ಮುಟ್ಟಬಹುದೇ ಎಂದು ಕೇಳಿ. ಬೇಡವೆಂದರೆ ದೂರದ ಫೋಟೊ ಸಾಕು.

ಒಂಟಿಯಾಗಿ ಬಿದ್ದಿರುವ ವಿಗ್ರಹದ ನಿಖರ ಜಾಗವನ್ನು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಕಳ್ಳರೂ ಅದನ್ನು ನೋಡುತ್ತಾರೆ. ನಾಣ್ಯ, ನಿಧಿ ಕಂಡರೆ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ. ಅದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆಯೇ ಇದೆ.

ವಹಿ

ಇಷ್ಟೆಲ್ಲ ಮಾಡಿ ವರದಿ ಕಾಲೇಜಿನ ಕಪಾಟಿನಲ್ಲೇ ಉಳಿದರೆ ಪ್ರಯೋಜನವಿಲ್ಲ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಒಂದು ಪುಟ ಕೊಟ್ಟು ಪಂಚಾಯತ್‌ಗೆ ವಹಿ ಮಾಡಿಕೊಡಿ. ಕೊನೆಯ ಅಂಕಣ ‘ಈಗಿನ ಸ್ಥಿತಿ’. ಅದನ್ನು ಮುಂದಿನ ವರ್ಷದ ವಿದ್ಯಾರ್ಥಿಗಳು ಬಂದು ತುಂಬಲಿ. ಒಂದು ಪ್ರತಿ ಊರಿನ ಅರಿವು ಕೇಂದ್ರಕ್ಕೆ, ಇನ್ನೊಂದು ಮೈಸೂರಿನ ರಾಜ್ಯ ಪುರಾತತ್ವ ಇಲಾಖೆಗೆ ಹೋಗಲಿ.

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಪಂಚಾಯತ್ ನಿರ್ಣಯದ ಒಂದು ವಾಕ್ಯದಲ್ಲಿ: ವಹಿಯಲ್ಲಿರುವ ಸರ್ವೆ ನಂಬರಿನಲ್ಲಿ ಯಾವುದೇ ಕಾಮಗಾರಿಗೆ, ಪರವಾನಗಿಗೆ ಮುನ್ನ ಪಿಡಿಒ ವಹಿ ನೋಡಬೇಕು. ಖರ್ಚಿಲ್ಲದ ಈ ಒಂದು ಷರತ್ತು ಜೆಸಿಬಿ ಬರುವ ಮೊದಲೇ ಕಲ್ಲನ್ನು ನೆನಪಿಸುತ್ತದೆ.

ವಹಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕಾನೂನಿನ ರಕ್ಷಣೆ ಸಿಗುವುದಿಲ್ಲ ಎಂಬುದೂ ತಿಳಿದಿರಲಿ. ಅದಕ್ಕೆ 1961ರ ರಾಜ್ಯ ಸ್ಮಾರಕ ಕಾಯ್ದೆಯಡಿ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಮಹತ್ವದ ಸ್ಮಾರಕ ಕಂಡರೆ ಫೋಟೊ, ಅಳತೆ, ಪಂಚಾಯತ್ ನಿರ್ಣಯ ಸೇರಿಸಿ ಇಲಾಖೆಗೆ ಮನವಿ ಕೊಡಿ.

ನಿಮ್ಮೂರ ದೇವಸ್ಥಾನದ ಜೀರ್ಣೋದ್ಧಾರ ಈ ಬೇಸಿಗೆಯಲ್ಲೇ ಇದ್ದರೆ ಪತ್ರ, ಸಭೆ ಎಂದು ಕಾಯಬೇಡಿ. ಹಳೆಯ ಚಪ್ಪಡಿ ಕೀಳುವ ಮೊದಲು ಮೊಕ್ತೇಸರರನ್ನು ಕಂಡು ಮಾತಾಡಿ, ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರನ್ನು ಇವತ್ತೇ ಕರೆಸಿ.