ಬಣ್ಣ ಹಚ್ಚುವವರೂ ವಿಜ್ಞಾನ ಮಾಡುತ್ತಾರೆ

ಮಿದುಳಿನ ವಿಷಯವನ್ನು ಕನ್ನಡದ ಮಕ್ಕಳಿಗೆ ಮುಟ್ಟಿಸಬೇಕೆಂದು ಬರೆಯುತ್ತ, ಚಿತ್ರಕಾರರು, ಶಿಕ್ಷಕರು, ತಂತ್ರಾಂಶದವರ ಜೊತೆ ಕೆಲಸ ಮಾಡುತ್ತ ಬಂದ ನನಗೆ ಒಂದು ಸಂಗತಿ ನಿಧಾನವಾಗಿ ಖಚಿತವಾಗಿದೆ. ವಿಜ್ಞಾನದ ಕಂಪ್ಯೂಟರ್ ಆಟ ಕಟ್ಟುವಾಗ ತಿರುಳು ವಿಜ್ಞಾನಿಯದು, ಅಲಂಕಾರ ಕಲಾವಿದನದು ಎಂದು ಕೆಲಸ ಹಂಚುವ ರೂಢಿಯೇ ತಪ್ಪು. ಆಟದ ನಿಯಮ, ಅಂಕ ಕೊಡುವ ಕ್ರಮ, ತೆರೆಯ ಮೇಲಿನ ಬಣ್ಣ, ಕಥೆಯ ಎಳೆ, ಇವೆಲ್ಲ ಸೇರಿಯೇ ಆಟಗಾರ ಏನನ್ನು ಕಲಿಯುತ್ತಾನೆ ಎಂಬುದನ್ನು ತೀರ್ಮಾನಿಸುತ್ತವೆ. ಆದ್ದರಿಂದ ಅವನ್ನು ರೂಪಿಸುವ ಸೃಜನಶೀಲ ತಂಡವೂ ವಿಜ್ಞಾನವನ್ನೇ ಮಾಡುತ್ತಿರುತ್ತದೆ. ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು ಮುಖ್ಯವಾಗಿ ಎರಡು ಆಟಗಳನ್ನು ಹತ್ತಿರದಿಂದ ಗಮನಿಸಿದ ಮೇಲೆ: ಅಮೆರಿಕದ ಐವೈರ್ ಮತ್ತು ಬ್ರಿಟನ್ನಿನ ಸೀ ಹೀರೋ ಕ್ವೆಸ್ಟ್.

ಐವೈರ್ ಹುಟ್ಟಿದ್ದು 2012ರ ಡಿಸೆಂಬರಿನಲ್ಲಿ, ಆಗ ಎಂಐಟಿಯಲ್ಲಿದ್ದ ಸೆಬಾಸ್ಟಿಯನ್ ಸಂಗ್ ಅವರ ಪ್ರಯೋಗಾಲಯದಲ್ಲಿ. ಮುಂದೆ ಅದು ಅವರೊಂದಿಗೆ ಪ್ರಿನ್ಸ್‌ಟನ್ನಿಗೆ ಹೋಯಿತು. ಯಾವ ನರಕೋಶ ಯಾವುದಕ್ಕೆ ಹೆಣೆದುಕೊಂಡಿದೆ ಎಂಬ ಪೂರ್ತಿ ನಕ್ಷೆ ಬರೆಯುವುದು ಸಂಗ್ ಅವರ ಹಂಬಲ. ಅದಕ್ಕೆ ಆರಿಸಿಕೊಂಡದ್ದು ಇಲಿಯ ಅಕ್ಷಿಪಟಲ. ಅಕ್ಷಿಪಟಲ ಕಣ್ಣಿನಲ್ಲಿದ್ದರೂ ಭ್ರೂಣದ ಬೆಳವಣಿಗೆಯ ಲೆಕ್ಕದಲ್ಲಿ ಮಿದುಳಿನದೇ ಭಾಗ. ಜರ್ಮನಿಯ ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅದರ ತುಣುಕನ್ನು ಪದರಪದರವಾಗಿ ಕೆತ್ತುತ್ತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯಲಾಗಿತ್ತು. ಆ ಕಪ್ಪುಬಿಳುಪು ಚಿತ್ರಗಳ ರಾಶಿಯಲ್ಲಿ ಒಂದೇ ಕೋಶದ ಕವಲುಗಳನ್ನು ಹಿಂಬಾಲಿಸುತ್ತ ಹೋಗಬೇಕು. ಕಂಪ್ಯೂಟರ್ ಅರ್ಧ ದಾರಿಗೆ ಎಡವುತ್ತಿತ್ತು, ಪರಿಣತರ ಸಂಖ್ಯೆ ಸಾಲುತ್ತಿರಲಿಲ್ಲ. ಹಾಗಾಗಿ ಸಾರ್ವಜನಿಕರನ್ನು ಕರೆಯಬೇಕಾಯಿತು. ಇಲ್ಲಿ ಏಮಿ ರಾಬಿನ್ಸನ್ ಸೃಜನಶೀಲ ನಿರ್ದೇಶಕಿಯಾಗಿ ದುಡಿದರು. ತೆರೆಯ ಒಂದು ಬದಿಗೆ ತಿರುಗಿಸಿ ನೋಡಬಹುದಾದ ಘನ, ಇನ್ನೊಂದು ಬದಿಗೆ ಅದರ ಒಂದೊಂದೇ ಪದರ. ಪದರದಲ್ಲಿ ಬಣ್ಣ ಹಚ್ಚಿದಂತೆ ಘನದಲ್ಲಿ ಕವಲು ಬೆಳೆಯುತ್ತದೆ. ಜೀವಶಾಸ್ತ್ರ ಓದದವರೂ ಆಡುತ್ತಲೇ ಕಲಿಯಬಹುದಾದ ಏರ್ಪಾಡು ಇದು. ನೂರಕ್ಕೂ ಹೆಚ್ಚು ದೇಶಗಳಿಂದ ಲಕ್ಷಕ್ಕೂ ಹೆಚ್ಚು ಜನ ಬಂದು ಸೇರಿದರು.

ನನಗೆ ಅತಿ ಮುಖ್ಯವೆನಿಸಿದ್ದು ಅಲ್ಲಿನ ಅಂಕದ ಲೆಕ್ಕ. ಸಾಮಾನ್ಯ ರಸಪ್ರಶ್ನೆಯಲ್ಲಿ ಸರಿಯುತ್ತರ ಮೊದಲೇ ಗೊತ್ತಿರುತ್ತದೆ. ಇಲ್ಲಿ ಉತ್ತರ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಹಾಗಿದ್ದರೆ ಅಂಕ ಕೊಡುವುದು ಹೇಗೆ? ಒಂದೇ ಘನವನ್ನು ಹಲವರಿಗೆ ಕೊಟ್ಟು, ಅವರ ಗುರುತುಗಳು ಎಷ್ಟರ ಮಟ್ಟಿಗೆ ಹೊಂದುತ್ತವೆ ಎಂಬುದನ್ನು ನೋಡಿ ಅಂಕ ನೀಡಿದರು. ಅವಸರಕ್ಕೆ ಬಹುಮಾನ ಕೊಟ್ಟಿದ್ದರೆ ನಕ್ಷೆ ಕೆಡುತ್ತಿತ್ತು. ಹೆಚ್ಚು ಬಣ್ಣ ಬಳಿದವರಿಗೆ ಬಹುಮಾನ ಕೊಟ್ಟಿದ್ದರೆ ಪಕ್ಕದ ಕೋಶವೂ ಸೇರಿಕೊಳ್ಳುತ್ತಿತ್ತು. ಹಾಗೆ ನೋಡಿದರೆ ಅಂಕದ ನಿಯಮ ಎಂದರೆ ಪ್ರಯೋಗದ ವಿಧಾನವೇ. ಅದರ ಫಲ 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಆ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಐವೈರ್ ಆಟಗಾರರ ಸಮೂಹಕ್ಕೂ ಸ್ಥಾನವಿತ್ತು. ವಸ್ತು ಯಾವ ದಿಕ್ಕಿಗೆ ಚಲಿಸುತ್ತಿದೆ ಎಂಬುದನ್ನು ಅಕ್ಷಿಪಟಲ ಹೇಗೆ ಗ್ರಹಿಸುತ್ತದೆ ಎಂಬುದು ಅದರ ಪ್ರಶ್ನೆ. ಸ್ಟಾರ್‌ಬರ್ಸ್ಟ್ ಎಂಬ ಕೋಶದ ನಡುಭಾಗದ ಹತ್ತಿರ ತಡವಾಗಿ ಸ್ಪಂದಿಸುವ ಕೋಶಗಳೂ, ಕವಲುಗಳ ದೂರದ ಭಾಗದಲ್ಲಿ ಬೇಗ ಸ್ಪಂದಿಸುವ ಕೋಶಗಳೂ ಸೇರುತ್ತವೆ ಎಂದು ನಕ್ಷೆ ತೋರಿಸಿತು. ನಡುವಿನಿಂದ ಹೊರಕ್ಕೆ ಚಲಿಸುವ ವಸ್ತುವಿಗೆ ಈ ಎರಡೂ ಸಂಕೇತಗಳು ಒಟ್ಟಿಗೇ ಬಂದು ಸೇರಿ ಬಲಗೊಳ್ಳುತ್ತವೆ ಎಂಬುದು ಸಂಶೋಧಕರ ವಿವರಣೆ.

ಕಲಿಕೆಯ ಕಡೆಯಿಂದ ನೋಡಿದರೂ ಇದು ದೊಡ್ಡ ಪಾಠ. ನಮ್ಮ ಪಠ್ಯಪುಸ್ತಕದ ನರಕೋಶ ಯಾವಾಗಲೂ ಒಂದೇ ಬಗೆಯದು: ಒಂದು ಬದಿಗೆ ಕವಲೊಡೆದ ತಲೆ, ಇನ್ನೊಂದು ಬದಿಗೆ ಉದ್ದ ಬಾಲದಂಥ ಆಕ್ಸಾನ್. ಸ್ಟಾರ್‌ಬರ್ಸ್ಟ್ ಕೋಶಕ್ಕೆ ಆಕ್ಸಾನೇ ಇಲ್ಲ. ಅದರ ಕವಲುಗಳನ್ನು ತಾನೇ ಬಿಡಿಸಿದ ವಿದ್ಯಾರ್ಥಿಗೆ ಪಠ್ಯಪುಸ್ತಕದ ಆ ಚಿತ್ರ ಅನೇಕ ರೂಪಗಳಲ್ಲಿ ಒಂದು ಮಾತ್ರ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಎಲ್ಲಿ ಒಂದು ಕೋಶ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದು ಹಲವೆಡೆ ವಿವೇಚನೆಯಿಂದ ನಿರ್ಧರಿಸಬೇಕಾದದ್ದು, ಅದರ ಬಗ್ಗೆ ಇಬ್ಬರು ಪ್ರಾಮಾಣಿಕವಾಗಿಯೇ ಭಿನ್ನಮತ ಹೊಂದಬಹುದು ಎಂಬುದೂ ತಿಳಿಯುತ್ತದೆ. ವಿಜ್ಞಾನವೆಂದರೆ ಸಿದ್ಧ ಉತ್ತರಗಳ ಕಂತೆ ಎಂದು ನಂಬಿಸುವ ನೂರು ಪಾಠಗಳಿಗಿಂತ ಈ ಅರಿವು ಬೆಲೆಯುಳ್ಳದ್ದು. ಒಳ್ಳೆಯ ವಿನ್ಯಾಸಕ ಅದನ್ನು ಆಟದ ನಡೆಯಲ್ಲೇ ಇಟ್ಟಿರುತ್ತಾನೆ. ಆಟ ನಿಲ್ಲಿಸಿ ಮಾಹಿತಿಯ ಪುಟ ತೋರಿಸುವ ಆಟಗಳಲ್ಲಿ ಮಕ್ಕಳು ಆ ಪುಟವನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ.

2016ರ ಸೀ ಹೀರೋ ಕ್ವೆಸ್ಟ್ ಇದೇ ಮಾತನ್ನು ಬೇರೆ ದಾರಿಯಿಂದ ತೋರಿಸುತ್ತದೆ. ಲಂಡನ್ನಿನ ಗ್ಲಿಚರ್ಸ್ ಎಂಬ ಆಟ ತಯಾರಕರು, ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಹ್ಯೂಗೋ ಸ್ಪಿಯರ್ಸ್ ಮತ್ತಿತರ ವಿಜ್ಞಾನಿಗಳು, ಹಣ ಕೊಟ್ಟ ಡಾಯ್ಚ ಟೆಲಿಕಾಮ್, ಎಲ್ಲರೂ ಕೂಡಿ ಮಾಡಿದ ಆಟವಿದು. ಮರೆವಿಗೆ ಜಾರುತ್ತಿರುವ ತಂದೆಯ ನೆನಪುಗಳನ್ನು ಮರಳಿ ಪಡೆಯಲು ಮಗ ಸಮುದ್ರಯಾನ ಹೊರಡುವುದು ಅದರ ಕಥೆ. ಆಟಗಾರ ಮೊದಲು ನಕ್ಷೆ ನೋಡಬೇಕು, ನಕ್ಷೆ ಮರೆಯಾದ ಮೇಲೆ ದೋಣಿಯನ್ನು ಗುರಿಗಳತ್ತ ನಡೆಸಬೇಕು. ದಾರಿ ಹುಡುಕುವ ಶಕ್ತಿ ಕುಂದುವುದು ಆಲ್ಜೈಮರ್‌ನ ಮೊದಮೊದಲ ಲಕ್ಷಣಗಳಲ್ಲಿ ಒಂದಾದ್ದರಿಂದ ಈ ಅಳತೆಗೆ ವೈದ್ಯಕೀಯ ಮಹತ್ವವಿದೆ. ಆದರೆ ಮೊಬೈಲ್ ಆಟ ರೂಢಿಯಿರುವ ಯುವಕನನ್ನೂ ರೂಢಿಯಿಲ್ಲದ ಅಜ್ಜಿಯನ್ನೂ ಹೋಲಿಸುವುದು ಹೇಗೆ? ಅದಕ್ಕೆಂದೇ ದಾರಿ ನೆನಪಿಡಬೇಕಾದ ಅಗತ್ಯವೇ ಇಲ್ಲದ ಎರಡು ಆರಂಭಿಕ ಹಂತಗಳಿವೆ. ಅಲ್ಲಿ ಅಳೆಯುವುದು ದೋಣಿ ನಡೆಸುವ ಕೈಚಳಕವನ್ನು ಮಾತ್ರ, ಮುಂದಿನ ಫಲಿತಾಂಶವನ್ನು ಅದಕ್ಕೆ ಹೋಲಿಸಿ ಸರಿದೂಗಿಸುತ್ತಾರೆ. ಆಟಗಾರನಿಗೆ ಪರಿಚಯದಂತೆ ಕಾಣುವ ಹಂತ ಸಂಶೋಧಕನಿಗೆ ಅಳತೆಗೋಲು. 40 ಲಕ್ಷಕ್ಕೂ ಹೆಚ್ಚು ಜನ ಆಡಿದರು. 38 ದೇಶಗಳ ಸುಮಾರು 4 ಲಕ್ಷ ಜನರ ದತ್ತಾಂಶ ಆಧರಿಸಿ 2022ರಲ್ಲಿ ನೇಚರ್‌ನಲ್ಲಿ ಬಂದ ಪ್ರಬಂಧ, ನಗರದ ಹೊರಗೆ ಬೆಳೆದವರು ಒಟ್ಟಾರೆ ದಾರಿ ಹುಡುಕುವುದರಲ್ಲಿ ಮುಂದು ಎಂದಿತು.

ಆಟ ಎಂದೊಡನೆ ಉತ್ಪ್ರೇಕ್ಷೆ, ಆಕರ್ಷಣೆ, ಕೊನೆಗೆ ಮೋಸ ಎಂದು ಹೇಳುವವರಿದ್ದಾರೆ. ಅವರ ಆತಂಕಕ್ಕೆ ಆಧಾರವಿದೆ. ಮಿದುಳಿನ ಕಸರತ್ತು ಮಾರುವ ಲುಮಾಸಿಟಿ ಎಂಬ ಉತ್ಪನ್ನದ ಕಂಪನಿ, ವಯಸ್ಸಿನ ಮರೆವನ್ನು ತಡೆಯಬಲ್ಲೆವೆಂದು ಸಾಕಷ್ಟು ಪುರಾವೆಯಿಲ್ಲದೆ ಜಾಹೀರಾತು ಕೊಟ್ಟಿತೆಂಬ ಆರೋಪದ ಮೇಲೆ 2016ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆದರೆ ಈ ಪ್ರಕರಣದಿಂದ ನಾನು ಕಲಿತದ್ದು ಆಟವನ್ನು ದೂರವಿಡಬೇಕೆಂದಲ್ಲ. ಅಲ್ಲಿ ತಕರಾರು ಎದ್ದದ್ದು ಆಟದ ಚೆಂದದ ಮೇಲಲ್ಲ, ಆಧಾರ ಮೀರಿದ ಭರವಸೆಯ ಮೇಲೆ. ಐವೈರ್ ನಿಮ್ಮ ಬುದ್ಧಿ ಹೆಚ್ಚಿಸುತ್ತೇನೆ ಎಂದು ಹೇಳಲಿಲ್ಲ, ನಮಗೆ ನಿಮ್ಮ ಸಹಾಯ ಬೇಕು ಎಂದಿತು. ಸೃಜನಶೀಲ ತಂಡವನ್ನು ಪ್ರಚಾರಕ್ಕೆ ಮಾತ್ರ ಕರೆದರೆ ಅವರು ಪ್ರಚಾರವನ್ನೇ ಮಾಡುತ್ತಾರೆ. ಮೊದಲ ದಿನದಿಂದ ಪ್ರಯೋಗದ ಮೇಜಿನಲ್ಲಿ ಕೂರಿಸಿದರೆ ಸತ್ಯದ ಮಿತಿ ಅವರಿಗೂ ಗೊತ್ತಿರುತ್ತದೆ.

ಇನ್ನೊಂದು ಆಕ್ಷೇಪ, ಕೃತಕ ಬುದ್ಧಿಮತ್ತೆ ಬಂದ ಮೇಲೆ ಬಣ್ಣ ಹಚ್ಚುವ ಮನುಷ್ಯರೇಕೆ ಎಂಬುದು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಫ್ಲೈವೈರ್ ಯೋಜನೆ ಹಣ್ಣುನೊಣದ ಮಿದುಳಿನ 1,39,255 ನರಕೋಶಗಳ ನಕ್ಷೆ ಕೊಟ್ಟಿತು. ಮೊದಲ ಕರಡು ತಯಾರಿಸಿದ್ದು ಯಂತ್ರ, ನಿಜ. ಅದನ್ನು ತಿದ್ದಿದವರು ಮನುಷ್ಯರು, ಅವರಲ್ಲಿ ಐವೈರ್‌ನಲ್ಲಿ ಪಳಗಿದ ಹವ್ಯಾಸಿಗಳೂ ಇದ್ದರು. ಯಂತ್ರ ಬಲಗೊಂಡಷ್ಟೂ ಅದರ ತಪ್ಪು ಕಾಣಬಲ್ಲ ಕಣ್ಣುಗಳನ್ನು ಬೆಳೆಸುವ ಕೆಲಸ ಉಳಿಯುತ್ತದೆ. ಇಲ್ಲಿ ಆ ಕಣ್ಣುಗಳನ್ನು ಪಳಗಿಸಿದ್ದು ಒಂದು ಆಟ.

ಇದೆಲ್ಲ ಹಣವಂತ ದೇಶಗಳ ಮಾತು ಎಂದು ನಾವು ಸುಮ್ಮನಿರಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಾರ್ವಜನಿಕರು ನಿಜವಾದ ಮಾನವ ಮಿದುಳನ್ನು ಮುಟ್ಟಿ ನೋಡಬಹುದಾದ ಸಂಗ್ರಹಾಲಯವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳ ಹಿರಿಯರನ್ನು ದೀರ್ಘಕಾಲ ಅಧ್ಯಯನ ಮಾಡುತ್ತಿದೆ. ಆಟ ಕಟ್ಟುವ ಎಂಜಿನಿಯರುಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಇಲ್ಲದಿರುವುದು ಇವರನ್ನೂ ಕನ್ನಡದ ಕಥೆಗಾರರು, ಚಿತ್ರಕಾರರು, ಶಾಲಾ ಶಿಕ್ಷಕರನ್ನೂ ಒಂದೇ ಮೇಜಿಗೆ ಕರೆಯುವ ರೂಢಿ. ಇಂಗ್ಲಿಷಿನಲ್ಲಿ ಪೂರ್ತಿ ತಯಾರಾದ ಆಟಕ್ಕೆ ಕೊನೆಯಲ್ಲಿ ಕನ್ನಡದ ಅಕ್ಷರ ಅಂಟಿಸಿದರೆ ಸಾಲದು. ಓದಲು ಬಾರದ ಅಜ್ಜನಿಗೆ ಸೂಚನೆಯನ್ನು ಧ್ವನಿಯಲ್ಲಿ ಕೊಡಬೇಕೇ, ನಕ್ಷೆ ಹಿಡಿದು ಅಭ್ಯಾಸವಿಲ್ಲದವರ ದಾರಿ ನೆನಪನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗಳು ಮೊದಲ ಸಭೆಯಲ್ಲೇ ಏಳಬೇಕು. ವಿಜ್ಞಾನ ಯೋಜನೆಗಳಿಗೆ ಹಣ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕಲಾವಿದರ ಸಂಬಳವನ್ನು ಪ್ರಚಾರದ ಲೆಕ್ಕದಿಂದ ತೆಗೆದು ಸಂಶೋಧನೆಯ ಲೆಕ್ಕಕ್ಕೆ ಸೇರಿಸಿ, ಪ್ರಬಂಧ ಪ್ರಕಟವಾಗುವಾಗ ಅವರ ಹೆಸರನ್ನೂ ಲೇಖಕರ ಸಾಲಿನಲ್ಲಿ ಬರೆಯಿರಿ.